ಸತ್ತವರನ್ನು ನಗುತ್ತಾ ನೆನಸಬಹುದೋ?



ಮನೆಗೆ ಹಿರಿಯಳಾದ ಅಜ್ಜಿಯು ತೀರಿಹೋದಾಗ ಆ ಮನೆಯವರ ಮುಂದೆ ಒಂದು ಪ್ರಶ್ನೆಯು ಬಂದು ನಿಲ್ಲುವದು. ಅದನ್ನು ಯಾರೂ ಬಾಯಿಬಿಟ್ಟು ಕೇಳುವದಿಲ್ಲ. ಆದರೂ ಅದು ಎಲ್ಲರ ಮನಸ್ಸಿನಲ್ಲಿಯೂ ಇರುವದು. ಬದುಕಿದ್ದಷ್ಟು ಕಾಲವೂ ನಮ್ಮನ್ನು ನಗಿಸಿದವಳನ್ನು ಸತ್ತ ಮೇಲೆ ನಗುತ್ತಾ ನೆನಸಬಹುದೋ ಕೂಡದೋ ಎಂಬದೇ ಆ ಪ್ರಶ್ನೆ. ಇದರ ಸಂಗಡ ಇನ್ನೊಂದು ಪ್ರಶ್ನೆಯೂ ಕೂಡಿಕೊಂಡಿದೆ. ಅವಳ ಕೊರತೆಗಳನ್ನೂ ಕೊಂಕುಮಾತುಗಳನ್ನೂ ನೆನಸಬೇಕೋ, ಇಲ್ಲವೆ ಅವುಗಳನ್ನು ಅವಳ ಸಂಗಡವೇ ಹೂಣಿಡಬೇಕೋ? ಇವು ಸಣ್ಣ ಪ್ರಶ್ನೆಗಳೆಂದು ತೋರಬಹುದು. ಆದರೆ ಇವುಗಳಿಗೆ ನಾವು ಕೊಡುವ ಉತ್ತರದಿಂದ ಸತ್ತವಳಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಉಳಿದವರಿಗೆ ಮಾತ್ರ ಎರಡೂ ಉಂಟು. ಆದಕಾರಣ ಇದನ್ನು ಕುರಿತು ಸ್ವಲ್ಪ ಯೋಚಿಸೋಣ.

ನಮ್ಮ ಹಳ್ಳಿಗಳಲ್ಲಿ ಈ ವಿಷಯವಾಗಿ ಎರಡು ಬಗೆಯ ವಾಡಿಕೆಗಳಿವೆ. ತುಂಬು ಮುಪ್ಪಿನಲ್ಲಿ, ಮರಿಮಕ್ಕಳನ್ನು ಕಂಡು ಸತ್ತವರ ಮುಂದೆ ತಮಟೆ ಬಾರಿಸಿ ಕುಣಿಯುವವರಿದ್ದಾರೆ. ಹೆಂಗಸರಾದರೋ ಹೆಣದ ಬಳಿಯಲ್ಲಿ ಕೂತು ಹಾಡಿಕೊಂಡು ಅಳುವರು. ಆ ಅಳುವಿಗೆ ಕಿವಿಗೊಟ್ಟವರು ಒಂದು ಸಂಗತಿಯನ್ನು ಅರಿತಿರುವರು. ಅದರಲ್ಲಿ ಬರೀ ಹೊಗಳಿಕೆ ಇರುವದಿಲ್ಲ. ಇನ್ನು ಮೇಲೆ ನಮ್ಮನ್ನು ಬೈಯುವವರು ಯಾರು, ಸಂತೆಯಿಂದ ತಂದ ಸೀರೆಗೆ ಕೊರತೆ ಹೇಳುವವರು ಯಾರು ಎಂದು ಕೂಡ ಅವರು ಅಳುವರು. ಓದು ಬರಹ ತಿಳಿಯದ ಆ ತಾಯಂದಿರು ಸತ್ತವಳನ್ನು ಇದ್ದಂತೆಯೇ ಕರೆಯುತ್ತಾರೆ.

ಓದು ಬಲ್ಲ ನಾವು ಹಾಗೆ ಮಾಡುವದಿಲ್ಲ. ಜ್ಞಾಪಕದ ಕೂಟದಲ್ಲಿ ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತು, ಅವರು ಶಾಂತಸ್ವಭಾವದವರು, ಕಡುಮಾತನ್ನೇ ಅರಿಯದವರು, ಯಾರ ಮನಸ್ಸನ್ನೂ ನೋಯಿಸದವರು ಎಂದು ಸುಣ್ಣ ಬಳಿಯುತ್ತಾ ಹೋಗುತ್ತೇವೆ. ಕಡೆಗೆ ಗೋಡೆಯೆಲ್ಲಾ ಬಿಳುಪಾಗುವದು. ಅದು ಯಾರ ಮನೆಯ ಗೋಡೆ ಎಂಬ ಗುರುತು ಮಾತ್ರ ಉಳಿಯುವದಿಲ್ಲ. ಎಮ್ಮೆ ಸತ್ತ ಮೇಲೆ ಅದು ಕರೆಯುತ್ತಿದ್ದ ಹಾಲಿನ ಲೆಕ್ಕ ಹೆಚ್ಚುವದೆಂದು ರೈತರು ನಗೆಯಾಡುವದು ಸುಳ್ಳಲ್ಲ.

ನನ್ನ ತಂದೆಯ ತಾಯಿಯು ಅಂಥ ಸುಣ್ಣಕ್ಕೆ ಒಗ್ಗುವವಳಾಗಿರಲಿಲ್ಲ. ಹಗೇವಿನ ರಾಗಿಯಿಂದ ಹಿಡಿದು ಮೊಮ್ಮಕ್ಕಳ ಮದುವೆಯ ವರೆಗೆ ಮನೆಯ ಎಲ್ಲಾ ಕಾರ್ಯವೂ ಅವಳ ಮಾತಿನಿಂದಲೇ ನಡೆಯುತ್ತಿತ್ತು. ಅವಳ ಸೊಂಟದ ಎಲೆಯಡಿಕೆ ಸಂಚಿಯಲ್ಲಿ ಪೆಟ್ಟಿಗೆಯ ಬೀಗದ ಕೈಯೂ ಇರುತ್ತಿತ್ತು. ಅವಳು ಎಲೆ ಹಾಕಿಕೊಳ್ಳುವ ಹೊತ್ತು ನೋಡಿಯೇ ಗಂಡುಮಕ್ಕಳು ದುಡ್ಡು ಕೇಳುವರು. ಅವಳ ಬಳಿ ಒಂದು ಆಡು ಇತ್ತು. ಅದಕ್ಕೆ ಶಾನುಭೋಗನೆಂದು ಹೆಸರಿಟ್ಟಿದ್ದಳು. ಯಾಕಂದರೆ ಅದಕ್ಕೆ ಎಷ್ಟು ಹಾಕಿದರೂ ತಿನ್ನುವದು, ಲೆಕ್ಕ ಮಾತ್ರ ಸಿಕ್ಕದು ಎಂದು ಅವಳ ವಿವರಣೆ. ಜನಗಣತಿಯವನು ಬಂದು ಅವಳ ವಯಸ್ಸನ್ನು ಕೇಳಿದಾಗ, “ನಿನಗೆ ಸರಿ ತೋರಿದ್ದನ್ನು ಬರೆದುಕೋ ಮಗಾ, ನನ್ನ ತಂಗಿಗಿಂತ ಎರಡು ವರುಷ ಕಡಿಮೆ ಇದ್ದರೆ ಸಾಕು” ಅಂದಳು. ವೈದ್ಯರು ಉಪ್ಪು ಬಿಟ್ಟರೆ ನೂರು ವರುಷ ಬದುಕುವಿರೆಂದು ಹೇಳಲು, “ಅಷ್ಟು ಸಪ್ಪೆಯಾದ ಆಯುಷ್ಯವನ್ನು ಯಾರಿಗಾದರೂ ಬಡವರಿಗೆ ಕೊಡಿರಿ” ಎಂದು ಉಪ್ಪಿನಕಾಯಿಯ ಜಾಡಿಗೆ ಕೈ ಹಾಕಿದಳು. ಒಂದು ಸುಗ್ಗಿಯ ಆರಾಧನೆಯಲ್ಲಿ ಪ್ರಸಂಗವು ಬಹಳ ಹೊತ್ತು ಬೆಳೆಯಿತು. ಹೊರಗೆ ಮುದ್ದೆಯು ತಣ್ಣಗಾಗುತ್ತಿತ್ತು. ಆರಾಧನೆ ಮುಗಿದ ಕೂಡಲೆ ಅವಳು ಬೋಧಕರ ಬಳಿಗೆ ಹೋಗಿ ಕೈಮುಗಿದು, “ಅಯ್ಯನವರೇ, ಕರ್ತನು ಐದು ಸಾವಿರ ಮಂದಿಗೆ ಊಟಕ್ಕೆ ಬಡಿಸಿದನು, ನೀವು ಐವತ್ತು ಮಂದಿಯನ್ನು ಹಸಿದು ಕೂಡಿಸಿದಿರಿ” ಅಂದಳು. ಆ ಬೋಧಕರು ನಕ್ಕರು. ಮುಂದಿನ ವರುಷದ ಪ್ರಸಂಗವು ಚಿಕ್ಕದಾಗಿತ್ತು.

ಇಷ್ಟೇ ಆಗಿದ್ದರೆ ನಮ್ಮ ಪ್ರಶ್ನೆಗೆ ಉತ್ತರ ಹೇಳುವದು ಸುಲಭವಾಗಿತ್ತು. ಆದರೆ ಅದೇ ನಾಲಿಗೆಯು ಮನೆಯೊಳಗೂ ಇತ್ತು. ನನ್ನ ಚಿಕ್ಕಮ್ಮನು ಮಾಡಿದ ಸಾರು ತೆಳ್ಳಗೆಂದು ಅಜ್ಜಿಯು ಒಂದು ಹಾಸ್ಯವನ್ನು ಕಟ್ಟಿದ್ದಳು. ನೆಂಟರು ಎಲೆಯ ಮುಂದೆ ಕೂತಾಗಲೆಲ್ಲಾ, “ಈ ಸಾರಿನಲ್ಲಿ ಬೇಳೆ ಬೇಕಾದರೆ ಬಲೆ ಬೀಸಬೇಕು” ಅನ್ನುವಳು. ನೆಂಟರು ನಗುವರು. ಚಿಕ್ಕಮ್ಮನು ಒಲೆಯ ಕಡೆಗೆ ತಿರುಗಿಕೊಳ್ಳುವಳು. ಇದು ಒಂದು ದಿನದ ಮಾತಲ್ಲ. 30 ವರುಷ ನಡೆಯಿತು. ಕಡೆಯ ಎರಡು ವರುಷ ಅಜ್ಜಿಯು ಹಾಸಿಗೆ ಹಿಡಿದಾಗ ಅವಳ ಮೈ ಒರಸಿ, ಬಟ್ಟೆ ಬದಲಾಯಿಸಿ, ತುತ್ತು ಕೊಟ್ಟವಳೂ ಆ ಚಿಕ್ಕಮ್ಮನೇ.

ಅಜ್ಜಿಯನ್ನು ಮಣ್ಣು ಮಾಡಿದ ಮೂರನೆಯ ದಿನ ಸಾಯಂಕಾಲ ಬಂಧುಗಳೆಲ್ಲರೂ ಪ್ರಾರ್ಥನೆಗೆ ಕೂಡಿದ್ದರು. ಅಲ್ಲಿ ಒಬ್ಬ ಹಿರಿಯರು ಎದ್ದು, ಆ ತಾಯಿಯು ಜನ್ಮದಲ್ಲಿ ಒಬ್ಬರ ಮನಸ್ಸನ್ನೂ ನೋಯಿಸಿದವಳಲ್ಲವೆಂದು ಹೇಳಿದರು. ಎಲ್ಲರೂ ತಲೆಯಾಡಿಸಿದರು. ಚಿಕ್ಕಮ್ಮನು ಸದ್ದಿಲ್ಲದೆ ಎದ್ದು ಅಡಿಗೆಮನೆಗೆ ಹೋದಳು.

ಪ್ರಿಯರೇ, ಸುಣ್ಣ ಬಳಿಯುವದರಲ್ಲಿ ಇರುವ ಕೇಡು ಇದೇ. ಸತ್ತವಳನ್ನು ನಿರ್ದೋಷಿಯನ್ನಾಗಿ ಮಾಡುವದಕ್ಕೋಸ್ಕರ ಬದುಕಿರುವವಳ ನೋವನ್ನು ಇಲ್ಲವೆಂದು ಹೇಳಿದ ಹಾಗಾಯಿತು. ಆ ಹಿರಿಯರ ಮನಸ್ಸಿನಲ್ಲಿ ಕೆಡುಕೇನೂ ಇರಲಿಲ್ಲ. ಆದರೂ ಅವರ ಮಾತು ನಿಜವಾದರೆ ಚಿಕ್ಕಮ್ಮನ 30 ವರುಷಗಳು ಸುಳ್ಳಾಗುವವು. ನೋಯಿಸಿದವರು ಯಾರೂ ಇಲ್ಲವೆಂದ ಮೇಲೆ ಕ್ಷಮಿಸಿದವಳಿಗೂ ಸ್ಥಳವಿಲ್ಲ. ಅವಳು ಎರಡು ವರುಷ ಮಾಡಿದ ಸೇವೆಯ ತೂಕವೂ ಅಷ್ಟಕ್ಕೆ ಇಳಿದುಹೋಗುವದು. ಸುಲಭವಾಗಿ ಪ್ರೀತಿಸಬಹುದಾದವಳನ್ನು ನೋಡಿಕೊಳ್ಳುವದು ಒಂದು; ತನ್ನನ್ನು ನಗೆಗೀಡು ಮಾಡಿದವಳಿಗೆ ತುತ್ತು ಕೊಡುವದು ಬೇರೊಂದು.

ಆ ರಾತ್ರಿ ಊಟಕ್ಕೆ ಕೂತಾಗ ಚಿಕ್ಕಮ್ಮನೇ ಸಾರು ಬಡಿಸುತ್ತಾ ಬಂದಳು. ದೊಡ್ಡಪ್ಪನ ಎಲೆಯ ಮುಂದೆ ನಿಂತು ಸೌಟನ್ನು ಮೇಲಕ್ಕೆ ಹಿಡಿದು, “ಬಲೆ ತರಲೋ ಭಾವ?” ಎಂದು ಕೇಳಿದಳು. ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಮನೆಯೆಲ್ಲಾ ನಕ್ಕಿತು. ಚಿಕ್ಕಮ್ಮನೂ ನಕ್ಕಳು, ನಗುತ್ತಾ ಇದ್ದ ಹಾಗೆಯೇ ಅಳುವದಕ್ಕೆ ತೊಡಗಿದಳು. ಸಾವಿನ ದಿನದಿಂದ ಆ ವರೆಗೆ ಅವಳ ಕಣ್ಣಲ್ಲಿ ನೀರು ಬಂದಿರಲಿಲ್ಲ. ಕಡೆಯ ತಿಂಗಳಲ್ಲಿ ತಾನು ಸಾರು ಕುಡಿಸುತ್ತಿದ್ದಾಗ ಅತ್ತೆಮ್ಮನು ದಿನಾಲೂ, “ಇನ್ನೊಂದು ಸೌಟು ಹಾಕು” ಅನ್ನುತ್ತಿದ್ದಳೆಂದು ಆಗ ಹೇಳಿದಳು. “ಅದು ತಪ್ಪೊಪ್ಪಿದ ಮಾತೋ, ಹಸಿವೆಯ ಮಾತೋ, ನಾನು ಕಾಣೆ. ನಾನು ಹಾಕಿದೆ” ಅಂದಳು. ಆ ಕೂಟದಲ್ಲಿ ಆಡಿದ ಎಲ್ಲಾ ಮಾತುಗಳಿಗಿಂತಲೂ ಈ ಮಾತಿನಲ್ಲಿ ಅಜ್ಜಿಯು ನಮಗೆ ಹೆಚ್ಚು ಕಾಣಿಸಿದಳು.

ನಗುವನ್ನೂ ದೋಷವನ್ನೂ ಮರೆಮಾಡದೆ ಹೇಳುವದು ಅಗೌರವವಾಗಿದ್ದರೆ, ಸತ್ಯವೇದವು ಸಾರಳ ಕಥೆಯನ್ನು ನಮಗೆ ಹಾಗೆ ತಿಳಿಸುತ್ತಿರಲಿಲ್ಲ. ಅವಳು ಒಂದು ದೊಡ್ಡ ಕುಲಕ್ಕೆ ಮೂಲತಾಯಿ. ಆದರೂ ಮುಪ್ಪಿನಲ್ಲಿ ಮಗುವಾಗುವದೆಂಬ ಮಾತನ್ನು ಕೇಳಿ ಗುಡಾರದ ಬಾಗಿಲ ಹಿಂದೆ ನಕ್ಕಳೆಂದೂ, ಕೇಳಿದಾಗ ಭಯಪಟ್ಟು ನಗಲಿಲ್ಲವೆಂದು ಹೇಳಿದಳೆಂದೂ ಬರೆದಿದೆ. ಹಾಗರಳ ವಿಷಯದಲ್ಲಿ ಅವಳು ಎಷ್ಟು ಕಠಿಣಳಾಗಿದ್ದಳೆಂಬದನ್ನೂ ಮುಚ್ಚಿಡಲಿಲ್ಲ. ಹುಟ್ಟಿದ ಮಗನಿಗೆ ಇಟ್ಟ ಇಸಾಕನೆಂಬ ಹೆಸರಿಗೆ ನಗುವೆಂಬ ಅರ್ಥವೇ ಉಂಟು. ಆ ಮನೆಯಲ್ಲಿ ಅವನನ್ನು ಕರೆದಾಗಲೆಲ್ಲಾ ತಾಯಿಯ ನಗುವಿನ ನೆನಪು ಆಗುತ್ತಿರಬೇಕು. ಅವಳು 127 ವರುಷದವಳಾಗಿ ಸತ್ತಳು. ಸತ್ಯವೇದದಲ್ಲಿ ಸತ್ತಾಗಿನ ವಯಸ್ಸನ್ನು ಹೇಳಿರುವದು ಸ್ತ್ರೀಯರಲ್ಲಿ ಈಕೆಯೊಬ್ಬಳದೇ. ಅಬ್ರಹಾಮನು ಬಂದು ಅವಳಿಗಾಗಿ ಅತ್ತನು. 400 ಶೆಕೆಲ್ ತೂಕದ ಬೆಳ್ಳಿಯನ್ನು ಕೊಟ್ಟು ಮಕ್ಪೇಲದ ಹೊಲವನ್ನು ಕೊಂಡು ಅಲ್ಲಿಯ ಗವಿಯಲ್ಲಿ ಹೂಣಿಟ್ಟನು. ಆಗ 37 ವರುಷದವನಾಗಿದ್ದ ಇಸಾಕನ ದುಃಖವು, 40ನೆಯ ವರುಷದಲ್ಲಿ ಅವನು ರೆಬೆಕ್ಕಳನ್ನು ಮದುವೆಯಾದ ಮೇಲೆಯೇ ಶಮನವಾಯಿತು. ಆಕೆಯ ನಗುವನ್ನೂ ಸುಳ್ಳನ್ನೂ ಕಾಠಿಣ್ಯವನ್ನೂ ಬಲ್ಲವರೇ ಹೀಗೆ ದುಃಖಿಸಿದರು. ಇದಕ್ಕೆ ವಿರುದ್ಧವಾಗಿ, ತಿಮೊಥೆಯ ಅಜ್ಜಿಯಾದ ಲೋವಿಯನ್ನು ನೋಡಿರಿ. ಅವಳ ಹೆಸರೂ ನಂಬಿಕೆಯೂ ಒಂದೇ ವಚನದಲ್ಲಿ ನಮಗೆ ತಿಳಿದಿವೆ. ಅವಳು ಯಾವದಕ್ಕೆ ನಗುತ್ತಿದ್ದಳು, ಮೊಮ್ಮಗನನ್ನು ಏನೆಂದು ಗದರಿಸುತ್ತಿದ್ದಳು ಎಂಬದನ್ನು ಯಾರೂ ಬರೆದಿಡಲಿಲ್ಲ. ಅದು ನಮಗೆ ನಷ್ಟವೇ.

ಹಾಗಾದರೆ ಸತ್ತವರ ವಿಷಯದಲ್ಲಿ ಯಾವ ಹಾಸ್ಯವನ್ನಾದರೂ ಆಡಬಹುದೋ? ಇಲ್ಲ. ಮೂರು ಮಾತುಗಳಿಂದ ಅದನ್ನು ಪರೀಕ್ಷಿಸಬೇಕೆಂದು ನನಗೆ ತೋರುತ್ತದೆ.

ಮೊದಲನೆಯದು, ಅವಳು ಈಗ ಇಲ್ಲೇ ಕೂತಿದ್ದರೆ ಈ ಮಾತಿಗೆ ನಗುತ್ತಿದ್ದಳೋ? ನಗುತ್ತಿದ್ದರೆ ಹೇಳಬಹುದು. ಅವಳ ಬೆನ್ನ ಹಿಂದೆ ಮಾತ್ರ ಆಡತಕ್ಕ ಮಾತಾಗಿದ್ದರೆ, ಸಮಾಧಿಯ ಹಿಂದೆಯೂ ಅದನ್ನು ಆಡಬಾರದು.

ಎರಡನೆಯದು, ಅವಳ ದೋಷವನ್ನು ಹೇಳುವವನು ಯಾರು? ನೋವನ್ನು ಉಂಡವಳು ಮೊದಲು ಹೇಳಲಿ, ಇಲ್ಲವೆ ಸುಮ್ಮನಿರಲಿ. ಅದು ಅವಳಿಗೆ ಸೇರಿದ ಹಕ್ಕು. ನೋಯದವನು ಅದನ್ನು ಎತ್ತಿ ಆಡಿದರೆ ಚಾಡಿಯಾಗುವದು. ನೋವೇ ಇರಲಿಲ್ಲವೆಂದರೆ ಸುಳ್ಳಾಗುವದು. ಈ ಎರಡರ ನಡುವೆ ನಾವು ಮಾಡಬಹುದಾದದ್ದು ಒಂದೇ. ಎಲ್ಲರ ಮುಂದೆ ಹೊಗಳುವಾಗ, ನಿಜವಲ್ಲದ ಹೊಗಳಿಕೆಯನ್ನು ಬಿಟ್ಟು ನಿಜವಾದದ್ದನ್ನು ಮಾತ್ರ ಹೊಗಳುವದು.

ಮೂರನೆಯದು ಎಲ್ಲಾದಕ್ಕಿಂತ ಮುಖ್ಯವಾದದ್ದು. ಅವಳ ಹಾಸ್ಯವು ಯಾವ ಕೆಲಸವನ್ನು ಮಾಡುತ್ತಿತ್ತು, ಆ ಕೆಲಸವನ್ನು ಈಗ ಯಾರು ಮಾಡುವರು?

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ನೆರೆಯಲ್ಲಿ ಒಬ್ಬ ಬಡ ವಿಧವೆಯಿದ್ದಳು. ಅವಳು ಸಾಲ ಕೇಳುವದಕ್ಕೆ ನಾಚುವಳು. ಅಜ್ಜಿಯು ಅವಳನ್ನು ಕರೆದು, “ನನ್ನ ರಾಗಿಗೆ ಹುಳು ಹತ್ತುತ್ತಾ ಇದೆ, ಎರಡು ಮೊರ ನೀನು ಒಯ್ದರೆ ನನಗೆ ಆರಿಸುವ ಕೆಲಸ ತಪ್ಪುವದು” ಅನ್ನುವಳು. ರಾಗಿಯು ಹಗೇವಿನಲ್ಲಿ ವರುಷಗಟ್ಟಲೆ ಇದ್ದರೂ ಹುಳು ಹತ್ತದೆಂಬದು ರಾಗಿ ಬೆಳೆಯುವ ಸೀಮೆಯ ಕೂಸಿಗೂ ಗೊತ್ತು. ವಿಧವೆಗೂ ಗೊತ್ತಿತ್ತು. ಇಬ್ಬರೂ ನಗುವರು, ರಾಗಿಯು ಆ ನಗುವಿನ ಮರೆಯಲ್ಲಿ ಮನೆ ದಾಟುವದು. ಇನ್ನೊಂದು ಸಂಗತಿ. ನನ್ನ ದೊಡ್ಡಪ್ಪನಿಗೂ ಚಿಕ್ಕಪ್ಪನಿಗೂ ಹೊಲದ ನಡುವಣ ಒಂದು ಬದುವಿನ ವಿಷಯದಲ್ಲಿ ತಕರಾರಿತ್ತು. ಅದು ತಲೆಯೆತ್ತಿದಾಗಲೆಲ್ಲಾ ಅಜ್ಜಿಯು, “ಇಬ್ಬರೂ ಆ ಬದುವಿನ ಮೇಲೆ ಮಲಗಿ ನೋಡಿರಿ. ಯಾರ ಮೈಗೆ ಸರಿಹೊಂದುವದೋ ಅವರು ಇಟ್ಟುಕೊಳ್ಳಿರಿ, ಕಡೆಗೆ ಬೇಕಾಗುವದು ಅಷ್ಟೇ ನೆಲ” ಅನ್ನುವಳು. ಅವರು ನಾಚಿ ಸುಮ್ಮನಾಗುವರು.

ಅಜ್ಜಿಯು ಹೋದ ಮರುವರುಷವೇ ಅಣ್ಣತಮ್ಮಂದಿರು ಆ ಬದುವಿಗೋಸ್ಕರ ಮಾತು ಬಿಟ್ಟರು. ಆಶ್ಚರ್ಯವೇನಂದರೆ, ಇಬ್ಬರೂ ಅಜ್ಜಿಯ ಹಾಸ್ಯಗಳನ್ನು ಹೇಳುವದರಲ್ಲಿ ಬಲು ನಿಪುಣರು. ಒಬ್ಬನು ತನ್ನ ಜಗಲಿಯ ಮೇಲೆ, ಇನ್ನೊಬ್ಬನು ತನ್ನ ಜಗಲಿಯ ಮೇಲೆ ಕೂತು, ಬಂದವರಿಗೆ ಅವನ್ನೇ ಹೇಳಿ ನಗಿಸುತ್ತಿದ್ದರು. ನಗು ಅವರ ಪಾಲಿಗೆ ಬಂದಿತ್ತು. ಆ ನಗುವಿನ ಕೆಲಸವು ಯಾರ ಪಾಲಿಗೂ ಬಂದಿರಲಿಲ್ಲ. ಆರು ತಿಂಗಳಾದ ಮೇಲೆ ಚಿಕ್ಕಮ್ಮನು ಗಂಡನನ್ನು ಕರೆದುಕೊಂಡು ದೊಡ್ಡಪ್ಪನ ಅಂಗಳಕ್ಕೆ ಹೋದಳು. “ಭಾವ, ನೀವೂ ಇವರೂ ನಾಳೆ ಬೆಳಿಗ್ಗೆ ಬಂದು ಬದುವಿನ ಮೇಲೆ ಮಲಗಿರಿ. ಅಳೆಯುವದಕ್ಕೆ ಅತ್ತೆಮ್ಮನಿಲ್ಲ, ನಾನು ಅಳೆಯುತ್ತೇನೆ” ಅಂದಳು. ಆ ದಿನ ಯಾರೂ ನಗಲಿಲ್ಲ. ಬದು ಇದ್ದಲ್ಲಿಯೇ ಇದೆ. ಆದರೆ ಅವರು ಈಗ ಮಾತಾಡುತ್ತಾರೆ.

ಮುದುಕಿಯ ಹುಂಜದ ಕತೆಯನ್ನು ನಿಮ್ಮಲ್ಲಿ ಕೇಳದವರಿಲ್ಲ. ಒಂದೂರಿನ ಮುದುಕಿಯೊಬ್ಬಳು, ತನ್ನ ಹುಂಜ ಕೂಗುವದರಿಂದಲೇ ಬೆಳಗಾಗುವದೆಂದೂ ತನ್ನ ಅಗ್ಗಿಷ್ಟಿಕೆಯ ಕೆಂಡದಿಂದಲೇ ಊರಿನ ಒಲೆಗಳು ಉರಿಯುವವೆಂದೂ ಹೆಮ್ಮೆಪಟ್ಟು, ಊರವರ ಮೇಲೆ ಮುನಿದು ಎರಡನ್ನೂ ಎತ್ತಿಕೊಂಡು ಕಾಡಿಗೆ ಹೋದಳು. ಆದರೂ ಊರಿನಲ್ಲಿ ಬೆಳಗಾಯಿತು. ಈ ಕತೆಯನ್ನು ನಾವು ಜಂಭಪಡುವವರಿಗೆ ಬುದ್ಧಿಯಾಗಿ ಹೇಳುತ್ತೇವೆ. ಮನೆಯ ಹಿರಿಯಳು ಸತ್ತಾಗ ಇದರ ಮೊದಲರ್ಧವು ನಿಜವೆಂದು ಕಾಣುವದು. ಮರುದಿನವೂ ಹೊತ್ತು ಮೂಡುವದು, ಹಸು ಹಾಲು ಕೊಡುವದು. ಆದರೆ ಕತೆಯ ಉಳಿದರ್ಧವನ್ನೂ ಯೋಚಿಸಿರಿ. ಸೂರ್ಯನು ಯಾರನ್ನೂ ಕೇಳದೆ ಮೂಡುವನು, ಕೆಂಡವು ಹಾಗಲ್ಲ. ಅದನ್ನು ಯಾರಾದರೂ ಬೂದಿ ಮುಚ್ಚಿ ಕಾಪಾಡಬೇಕು, ಕೇಳಿದವರಿಗೆ ಕೊಡಬೇಕು. ಅಜ್ಜಿಯ ಜಂಭಕ್ಕೆ ನಾವು ನಗಬಹುದು, ಆದರೆ ಅವಳ ಅಗ್ಗಿಷ್ಟಿಕೆಯನ್ನು ಆರಲು ಬಿಡಬಾರದು.

ಯೊಪ್ಪದಲ್ಲಿ ತಬಿಥಾ ಎಂಬವಳು ಸತ್ತಾಗ ವಿಧವೆಯರು ಅಳುತ್ತಾ ನಿಂತು, ಅವಳು ತಮ್ಮ ಸಂಗಡ ಇದ್ದಾಗ ಹೊಲಿದುಕೊಟ್ಟ ಅಂಗಿಗಳನ್ನೂ ಬಟ್ಟೆಗಳನ್ನೂ ಪೇತ್ರನಿಗೆ ತೋರಿಸಿದರೆಂದು ಓದುತ್ತೇವೆ. ಅವರು ಗುಣಗಳ ಪಟ್ಟಿಯನ್ನು ಹೇಳಿದರೆಂದು ಬರೆದಿಲ್ಲ. ಹೊಲಿಗೆಯನ್ನು ತೋರಿಸಿದರು. ನಮ್ಮ ಅಜ್ಜಿಯರ ಹಾಸ್ಯವೂ ಒಂದು ಹೊಲಿಗೆಯೇ. ಹರಿಯುವದಕ್ಕಿದ್ದ ಎಷ್ಟೋ ಕಡೆಗಳಲ್ಲಿ ಅದು ಮನೆಯನ್ನು ಕೂಡಿಸಿ ಹಿಡಿದಿತ್ತು. ಕೆಲವು ಕಡೆ ಆ ಸೂಜಿಯು ಚುಚ್ಚಿದ್ದೂ ಉಂಟು.

ಕಡೆಯದಾಗಿ ಇನ್ನೊಂದು ಮಾತು. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿ 1993ರಲ್ಲಿ ತೀರಿಹೋದ ವಿದ್ವಾಂಸರಾದ ಎ. ಕೆ. ರಾಮಾನುಜನ್ ಎಂಬವರು ಕನ್ನಡ ಹೆಂಗಸರು ಹೇಳುವ ಕತೆಗಳನ್ನು ಕೂಡಿಸಿದರು. ಅವುಗಳಲ್ಲಿ ಒಂದರ ಸಾರವು ಹೀಗಿದೆ. ಒಬ್ಬಳಿಗೆ ಒಂದು ಕತೆಯೂ ಒಂದು ಹಾಡೂ ತಿಳಿದಿದ್ದವು. ಅವಳು ಅವನ್ನು ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಕಟ್ಟಿದ ಅವು, ಅವಳು ಮಲಗಿದ್ದಾಗ ಹೊರಬಿದ್ದು, ಕತೆಯು ಒಂದು ಜೊತೆ ಜೋಡಾಗಿಯೂ ಹಾಡು ಗಂಡಸಿನ ಅಂಗಿಯಾಗಿಯೂ ಮಾರ್ಪಟ್ಟು ಬಾಗಿಲಲ್ಲಿ ಕಾಣಿಸಿಕೊಂಡವು. ಗಂಡನು ಅವು ಯಾರವೆಂದು ಸಂಶಯಪಟ್ಟು ಜಗಳವಾಡಿ ಗುಡಿಗೆ ಹೋಗಿ ಮಲಗಿದನು. ಊರಿನ ಮನೆಗಳಲ್ಲಿ ಆರಿಸಿದ ದೀಪಗಳ ಜ್ವಾಲೆಗಳು ರಾತ್ರಿ ಅಲ್ಲಿ ಕೂಡಿ ಮಾತಾಡುವಾಗ ಅವನಿಗೆ ನಿಜವು ತಿಳಿಯಿತು. ಅವನು ಬಂದು ಹೆಂಡತಿಯನ್ನು ಕೇಳಿದರೆ, ಯಾವ ಕತೆ, ಯಾವ ಹಾಡು ಎಂದು ಅವಳೇ ಮರೆತುಬಿಟ್ಟಿದ್ದಳು. ಹೇಳದ ಕತೆಯಿಂದ ಮನೆಯಲ್ಲಿ ಸಂಶಯ ಹುಟ್ಟುವದು. ತಡಮಾಡಿದರೆ ಕತೆಯೇ ಇಲ್ಲದೆ ಹೋಗುವದು. ಚಿಕ್ಕಮ್ಮನು ಬಲೆಯ ಮಾತನ್ನು ಆ ರಾತ್ರಿ ಹೊರಗೆ ಹಾಕದಿದ್ದರೆ, ಅದು ಯಾವ ರೂಪದಲ್ಲಿ ನಮ್ಮ ಬಾಗಿಲಲ್ಲಿ ಬಂದು ನಿಲ್ಲುತ್ತಿತ್ತೋ!

ಆದದರಿಂದ, ಪ್ರಿಯರೇ, ನಿಮ್ಮ ಮನೆಯಲ್ಲಿ ಅಜ್ಜಿಯು ಇನ್ನೂ ಇದ್ದರೆ ಅವಳ ಬಳಿಯಲ್ಲಿ ಕೂತು ಅವಳ ಮಾತುಗಳನ್ನು ಕೇಳಿರಿ. ಈ ಕಾಲದಲ್ಲಿ ಮೊಬೈಲ್ ಫೋನಿನಲ್ಲಿ ಅವಳ ದನಿಯನ್ನು ಹಿಡಿದಿಡಬಹುದು; ಹಾಗೆ ಮಾಡುವದು ಒಳ್ಳೇದೇ. ಆದರೆ ಯಾವ ಮಾತನ್ನು ಯಾವ ಹೊತ್ತಿನಲ್ಲಿ ಯಾರಿಗೆ ಹೇಳಬೇಕೆಂಬದನ್ನು ಆ ಯಂತ್ರವು ಕಲಿಸದು. ಅದನ್ನು ಅವಳ ಪಕ್ಕದಲ್ಲಿ ಕೂತೇ ಕಲಿಯಬೇಕು. ಅವಳು ಈಗಾಗಲೇ ಹೋಗಿದ್ದರೆ, ಮಕ್ಕಳಿಗೆ ಅವಳ ಹಾಸ್ಯವನ್ನು ಹೇಳಿರಿ, ಅವರ ಸಂಗಡ ನಗಿರಿ. ಅವಳಿಂದ ನೊಂದವರು ಯಾರಾದರೂ ಮನೆಯಲ್ಲಿದ್ದರೆ ಅವರಿಗೂ ಮಾತಾಡುವದಕ್ಕೆ ಎಡೆಕೊಡಿರಿ. ಆಮೇಲೆ ನೆರೆಯಲ್ಲಿ ಯಾರ ಮೊರವು ಬರಿದಾಗಿದೆಯೋ ನೋಡಿ, ನಿಮ್ಮ ರಾಗಿಗೆ ಹುಳು ಹತ್ತಿತೆಂದು ಹೇಳಿ ಕಳುಹಿಸಿರಿ.